ಹೆಸರು ಕೇಳದೆ ಬಡಿಸಿದ ಊಟ

ಕಳೆದ ಮಳೆಗಾಲದಲ್ಲಿ ಆ ಹುಡುಗ ಮೊದಲ ಸಲ ನಮ್ಮ ಚರ್ಚ್‌ಗೆ ಬಂದ. ಜೇವರ್ಗಿಯಲ್ಲಿ ನಮ್ಮದು ತೀರಾ ಸಣ್ಣ ಸಭೆ. ಹದಿನೈದು ಮನೆಗಳು, ಒಂದು ತಗಡಿನ ಹಾಲ್, ನಾಲ್ಕು ಜಮಖಾನ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುವುದು ರೂಢಿ. ಒಬ್ಬರ ಮನೆಯಿಂದ ಜೋಳದ ರೊಟ್ಟಿ, ಇನ್ನೊಬ್ಬರ ಮನೆಯಿಂದ ಪುಂಡಿಪಲ್ಯೆ, ಮತ್ತೊಬ್ಬರದು ಶೇಂಗಾ ಹಿಂಡಿ. ಅನ್ನ, ತೊಗರಿಬ್ಯಾಳಿ ಸಾರು ಅಲ್ಲೇ ಆಗುತ್ತದೆ. ಬಡಿಸುವ ಕೆಲಸ ನಮ್ಮಂಥ ಹುಡುಗ ಹುಡುಗಿಯರದು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ವಾರದಲ್ಲಿ ಇದ್ದ ಒಂದೇ ಜವಾಬ್ದಾರಿ ಅದು.

ಹುಡುಗ ಚಪ್ಪಲಿ ಬಿಡುವ ಜಾಗದ ಹತ್ತಿರವೇ ಕೂತಿದ್ದ. ನಮ್ಮ ಸಭೆಯ ಆಯಿಯೊಬ್ಬರು “ಉಣ್ಣಾಕ ಕುಂದ್ರು ಬಾ ತಮ್ಮಾ” ಎಂದು ಕರೆದರು. “ನಾ ಕ್ರಿಶ್ಚಿಯನ್ ಅಲ್ರೀ. ರೂಮ್ ಮಾಡಿ ಪರೀಕ್ಷಾಕ ಓದ್ಲಾಕತ್ತೀನಿ. ಭಾನುವಾರ ಮೆಸ್ ಬಂದ್ ಇರ್ತದ” ಎಂದು ಮೊದಲೇ ಹೇಳಿಬಿಟ್ಟ.

ಮುಂದಿನ ವಾರವೂ ಬಂದ. ಆಗ ಹಿರಿಯರೊಬ್ಬರಿಗೆ ಹೆದರಿಕೆ ಶುರುವಾಯಿತು. “ಊಟಾ ಹಾಕಿ ಮತ ಬದಲಿಸ್ಲಾಕತ್ತಾರ ಅಂತ ನಾಳಿ ಯಾರರೆ ಅಂದ್ರ?” ಈಗಿನ ಕಾಲದಲ್ಲಿ ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ನಮ್ಮ ಸಭಾಪಾಲಕರು ಯೋಚಿಸಿ ಉತ್ತರ ಕೊಟ್ಟರು: “ಪ್ರಾರ್ಥನಾಕ ಕೂಡು ಅನ್ನೋದು ಬ್ಯಾಡ. ಎದ್ದು ಹೋಗು ಅನ್ನೋದೂ ಬ್ಯಾಡ. ಊಟಾ ಅಂದ್ರ ಊಟ, ಅಷ್ಟೇ.” ನಮ್ಮ ಜಿಲ್ಲೆಯ ಅರಳಗುಂಡಗಿ ಮಹಾದಾಸೋಹಿ ಶರಣಬಸವೇಶ್ವರರು ಹುಟ್ಟಿದ ಊರು. ಹಸಿದವರಿಗೆ ಅನ್ನ ಹಾಕುವುದನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಹೀಗೆ ಹತ್ತು ವಾರ ಕಳೆದವು. ಆಮೇಲೆ ಎರಡು ಭಾನುವಾರ ಅವನು ಬರಲಿಲ್ಲ. “ಆ ಹುಡುಗ ಎಲ್ಲಿ ಹೋದ? ಹೆಸರೇನವಂದು?” ಎಂದು ಆಯಿ ಕೇಳಿದರು. ರೊಟ್ಟಿ ಬುಟ್ಟಿ ಹಿಡಿದು ನಾನು ಸುಮ್ಮನೆ ನಿಂತೆ. ಅವನಿಗೆ ಎರಡು ರೊಟ್ಟಿ ಸಾಕು, ಹಿಂಡಿ ಜಾಸ್ತಿ ಬೇಕು ಎಂಬುದು ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಇಡೀ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನೂ ತಮ್ಮನೂ ಹುಡುಕಲು ಹೊರಟೆವು. ‘ನೀಲಿ ಬ್ಯಾಗಿನ ಹುಡುಗ’ ಎಂದಷ್ಟೇ ಗುರುತು ಹೇಳಬೇಕಾಯಿತು. ಗ್ರಂಥಾಲಯದಲ್ಲಿ ಓದುತ್ತಿದ್ದವರೊಬ್ಬರು ರೂಮು ತೋರಿಸಿದರು. ಹತ್ತು ದಿನದಿಂದ ಜ್ವರವಂತೆ. ಒಬ್ಬನೇ ಚಾಪೆಯ ಮೇಲೆ ಮಲಗಿದ್ದ, ಪಕ್ಕದಲ್ಲಿ ಅರ್ಧ ತಿಂದ ಬ್ರೆಡ್. “ಯಾಕ ಒಂದ್ ಮಾತ್ ಹೇಳ್ಲಿಲ್ಲ?” ಎಂದೆ.

“ಯಾರಿಗಂತ ಹೇಳ್ಲಿ ಅಕ್ಕಾ?”

ಅವನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಮಾತು ಹೆಚ್ಚು ಚುಚ್ಚಿತು.

ಊಟವಿದ್ದೂ ಆತಿಥ್ಯ ತಪ್ಪುವುದು ಹೊಸದೇನಲ್ಲ. ಸುಮಾರು 2 ಸಾವಿರ ವರ್ಷಗಳ ಹಿಂದೆ ಕೊರಿಂಥದ ಸಭೆಯಲ್ಲಿ ಕೆಲವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ಅಪೊಸ್ತಲ ಪೌಲ ಪತ್ರ ಬರೆದು ಅವರನ್ನು ಗದರಿಸಿದ್ದಾನೆ. ಬೈಬಲಿನ ಇಬ್ರಿಯರಿಗೆ ಬರೆದ ಪತ್ರದಲ್ಲಿ ನಾವು ಅತಿಥಿಸತ್ಕಾರ ಎಂದು ಓದುವ ಕಡೆ ಮೂಲ ಗ್ರೀಕ್‌ನಲ್ಲಿರುವ ಪದ ‘ಫಿಲೋಕ್ಸೇನಿಯಾ’. ಅಂದರೆ ಅಪರಿಚಿತರ ಮೇಲಿನ ಪ್ರೀತಿ. ಅದರಲ್ಲಿ ಊಟದ ಹೆಸರೇ ಇಲ್ಲ. 18ನೇ ಶತಮಾನದಲ್ಲಿ ಜಾನ್ ವೆಸ್ಲಿ ಮೆಥೋಡಿಸ್ಟರಲ್ಲಿ ರೂಢಿಗೆ ತಂದ ಪ್ರೀತಿಭೋಜನದಲ್ಲೂ ಇರುತ್ತಿದ್ದದ್ದು ಬರೀ ರೊಟ್ಟಿ, ನೀರು. ಕೂತವರು ತಮ್ಮ ಬದುಕಿನ ಅನುಭವ ಹೇಳುವುದು, ಉಳಿದವರು ಕೇಳುವುದು ಅಲ್ಲಿ ಮುಖ್ಯವಾಗಿತ್ತು. ನಾವು ಪಲ್ಯೆ ಹೆಚ್ಚಿಸಿದ್ದೆವು, ಕೇಳುವುದನ್ನು ಬಿಟ್ಟಿದ್ದೆವು.

ಅವತ್ತಿನಿಂದ ಮೂರು ಬದಲಾವಣೆ ಮಾಡಿಕೊಂಡೆವು. ಬಡಿಸುವವರು ಕೊನೆಗೆ ಬೇರೆ ಕೂತು ಉಣ್ಣುವಂತಿಲ್ಲ, ಹೊಸಬರ ಪಕ್ಕದಲ್ಲಿ ತಾಟು ಹಿಡಿದು ಕೂಡಬೇಕು. ಬಂದವರು ಒಪ್ಪಿದರೆ ಒಬ್ಬರಾದರೂ ಫೋನ್ ನಂಬರ್ ಪಡೆದು ವಾರದ ನಡುವೆ ಒಮ್ಮೆ ಮಾತಾಡಿಸಬೇಕು. ಮೂರನೇ ವಾರದಿಂದ ಅವರಿಗೂ ಕೆಲಸ ಕೊಡಬೇಕು. ಮೂರನೆಯದು ಆ ಹುಡುಗನೇ ಹೇಳಿದ್ದು. “ಕುಂತು ಉಣ್ಲಾಕ ನಾಚಿಕಿ ಬರ್ತಿತ್ತು ಅಕ್ಕಾ. ಉಳ್ಳಾಗಡ್ಡಿ ಹೆಚ್ಚು ಅಂದಿದ್ರ ಚೊಲೊ ಇತ್ತು” ಎಂದಿದ್ದ. ಈಗ ಹೆಚ್ಚುತ್ತಾನೆ, ಕಣ್ಣೀರು ಸುರಿಸುತ್ತ. ಅವನ ಫಲಿತಾಂಶ ಬಂದಿಲ್ಲ, ನನಗೂ ಕೆಲಸ ಸಿಕ್ಕಿಲ್ಲ. ಆದರೆ ಅರ್ಜಿ ಹಾಕುವ ಕೊನೆಯ ದಿನ ಈಗ ಒಬ್ಬರಿಗೊಬ್ಬರು ನೆನಪಿಸುತ್ತೇವೆ.

ಎಳ್ಳ ಅಮಾವಾಸ್ಯೆಗೆ ಅವನು ನಮ್ಮನ್ನು ಆಳಂದ ತಾಲ್ಲೂಕಿನ ತನ್ನೂರಿಗೆ ಕರೆದ. ನಾನು, ತಮ್ಮ, ಆಯಿ ಮೂವರೂ ಹೋದೆವು. ಹೊಲದಲ್ಲಿ ಚರಗ ಚೆಲ್ಲಿ ಮುಗಿದಿತ್ತು. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಬುಟ್ಟಿಯಲ್ಲಿ ಕಾಯುತ್ತಿದ್ದವು. ಬದುವಿನ ಮೇಲೆ ನಾನು ಅವತ್ತು ಅವನು ಕೂತ ಹಾಗೆಯೇ ಒಂದು ತುದಿಗೆ ಕೂತೆ. ಅವನ ಅವ್ವ ತಾಟು ತಂದರು. ಬಡಿಸಲಿಲ್ಲ. ತಾಟನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತು ಕೇಳಿದರು:

“ಹೆಸರೇನವ್ವಾ ನಿಂದು?”