ಪಾಲಿಮರ್ ಬುಷ್‌ಗಳ ಸವೆತ: ಉಕ್ಕಿನ ಶಾಫ್ಟ್‌ನ ಪಾತ್ರ

ಪ್ಯಾಕಿಂಗ್, ಜವಳಿ ಹಾಗೂ ಆಹಾರ ಸಂಸ್ಕರಣಾ ಯಂತ್ರಗಳಲ್ಲಿ ಎಣ್ಣೆ ಹಾಕಲಾಗದ ಸ್ಥಳಗಳಿಗೆ ಲೋಹದ ಬುಷ್‌ಗಳ ಬದಲು ಪಾಲಿಮರ್ ಕಾಂಪೊಸಿಟ್ ಬುಷ್‌ಗಳನ್ನು ಬಳಸಲಾಗುತ್ತದೆ. ಗಾಜಿನ ನಾರು, ಇಂಗಾಲ, ಗ್ರಾಫೈಟ್ ಅಥವಾ ಕಂಚಿನ ಪುಡಿ ಬೆರೆಸಿದ ಪ್ಲಾಸ್ಟಿಕ್‌ಗೆ ಈ ಹೆಸರು. ಖರೀದಿಯ ವೇಳೆ ದರ ಮತ್ತು ಅಳತೆಯನ್ನಷ್ಟೇ ನೋಡಿದರೆ ಸಾಲದು. ಬುಷ್‌ನ ಬಾಳಿಕೆಯನ್ನು ಅದರೊಡನೆ ಉಜ್ಜುವ ಉಕ್ಕಿನ ಮೇಲ್ಮೈಯೂ ನಿರ್ಧರಿಸುತ್ತದೆ.

ಜಾರಿಕೆ ಬೇರೆ, ಬಾಳಿಕೆ ಬೇರೆ

ಟೆಫ್ಲಾನ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಪಿ.ಟಿ.ಎಫ್.ಇ. 1938ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಕಡಿಮೆ ವೇಗದಲ್ಲಿ ಉಕ್ಕಿನ ಮೇಲೆ ಅದರ ಘರ್ಷಣಾ ಗುಣಾಂಕ ಸುಮಾರು 0.05ರಿಂದ 0.1 ಮಾತ್ರ. ಆದರೂ ಶುದ್ಧ ಪಿ.ಟಿ.ಎಫ್.ಇ. ಬಲುಬೇಗ ಸವೆಯುತ್ತದೆ, ಸುಲಭವಾಗಿ ಜಾರುವ ಅದರ ಪದರಗಳು ಅಷ್ಟೇ ಸುಲಭವಾಗಿ ಕಳಚಿಕೊಳ್ಳುತ್ತವೆ. ಸೂಕ್ತ ಪೂರಕವಸ್ತು ಬೆರೆತಾಗ ಘರ್ಷಣೆ ತುಸು ಏರಿದರೂ ಸವೆತವು ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಗ್ಗುತ್ತದೆ.

ಚಾಲನೆಯ ಆರಂಭದಲ್ಲಿ ಪ್ಲಾಸ್ಟಿಕ್‌ನ ತೆಳುವಾದ ಲೇಪವೊಂದು ಉಕ್ಕಿಗೆ ಅಂಟಿಕೊಳ್ಳುತ್ತದೆ. ಅನಂತರ ಪ್ಲಾಸ್ಟಿಕ್ ಜಾರುವುದು ಪ್ಲಾಸ್ಟಿಕ್‌ನ ಮೇಲೆಯೇ. ಈ ಲೇಪ ಉಳಿದಿರುವವರೆಗೆ ಸವೆತ ಮಂದವಾಗಿರುತ್ತದೆ. ಶಾಫ್ಟ್ ಒರಟಾಗಿದ್ದರೆ ಅರದಂತೆ ಬುಷ್ಷನ್ನು ಉಜ್ಜುತ್ತದೆ. ಅತಿಯಾಗಿ ನುಣುಪಾಗಿದ್ದರೆ ಲೇಪ ಸರಿಯಾಗಿ ಹಿಡಿಯುವುದಿಲ್ಲ. ಸಾಮಾನ್ಯವಾಗಿ 0.2ರಿಂದ 0.4 ಮೈಕ್ರಾನ್ ಒರಟುತನ ಸೂಕ್ತ. ನೀರು ಸೇರಿದರೂ ಲೇಪ ಕೂಡುವುದಕ್ಕೆ ಅಡ್ಡಿಯಾಗಬಹುದು.

ಪೂರಕವಸ್ತುವಿನ ಆಯ್ಕೆ

ಗಾಜಿನ ನಾರು ಗಡಸಾದುದು. ಹದಗೊಳಿಸದ ಮೆದು ಉಕ್ಕನ್ನೂ ಸಾಧಾರಣ ಸ್ಟೇನ್‌ಲೆಸ್ ಸ್ಟೀಲನ್ನೂ ಅದು ಗೀರಬಲ್ಲದು. ಅಗ್ಗದ ಬುಷ್ಷಿನಿಂದ ದುಬಾರಿ ಶಾಫ್ಟ್ ಕೆಡುವುದು ಹೀಗೆ. ಅಂತಹ ಶಾಫ್ಟ್‌ಗಳಿಗೆ ಗ್ರಾಫೈಟ್ ಬೆರೆತ ಬುಷ್ ಲೇಸು. ಕಂಚಿನ ಪುಡಿ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆಯಾದರೂ ಆಮ್ಲಗಳಿರುವ ಕಡೆ ಸಲ್ಲದು. ನೈಲಾನ್ ತೇವ ಹೀರಿ ಉಬ್ಬುವುದರಿಂದ ಬುಷ್ ಮತ್ತು ಶಾಫ್ಟ್‌ಗಳ ನಡುವೆ ಹೆಚ್ಚಿನ ಸಡಿಲ ಬಿಡಬೇಕು.

ಶಾಖದ ಮಿತಿ

ಪ್ಲಾಸ್ಟಿಕ್ ಶಾಖವನ್ನು ಸಾಗಿಸುವ ಸಾಮರ್ಥ್ಯ ಉಕ್ಕಿಗಿಂತ ನೂರು ಪಟ್ಟಿಗೂ ಕಡಿಮೆ. ಆದ್ದರಿಂದ ಉಜ್ಜುವಿಕೆಯಿಂದ ಹುಟ್ಟಿದ ಶಾಖ ಬಹುಪಾಲು ಶಾಫ್ಟ್‌ನ ಮೂಲಕವೇ ಹೊರಹೋಗಬೇಕು. ಒತ್ತಡ ಮತ್ತು ವೇಗಗಳ ಗುಣಲಬ್ಧವನ್ನು ಪಿ.ವಿ. ಎನ್ನುತ್ತಾರೆ. ಮಿತಿಯೊಳಗೆ ಸವೆತವು ಹೊರೆ ಮತ್ತು ಜಾರಿದ ದೂರಕ್ಕೆ ಅನುಗುಣವಾಗಿರುತ್ತದೆ. ಮಿತಿ ಮೀರಿದೊಡನೆ ಬುಷ್ ಮೆತ್ತಗಾಗಿ ಹಠಾತ್ತನೆ ಕೆಡುತ್ತದೆ.

ಆದುದರಿಂದ ಉದ್ದಿಮೆದಾರರು ಬುಷ್‌ಗೆ ಆದೇಶ ನೀಡುವಾಗ ಹೊರೆ, ವೇಗ, ಉಷ್ಣತೆ, ತೇವಾಂಶ ಮತ್ತು ಶಾಫ್ಟ್‌ನ ಗಡಸುತನ ಹಾಗೂ ಒರಟುತನಗಳನ್ನು ಲಿಖಿತವಾಗಿ ತಿಳಿಸಿ, ಪೂರಕವಸ್ತು ಯಾವುದು, ಪಿ.ವಿ. ಮಿತಿ ಎಷ್ಟು ಎಂಬುದನ್ನು ಪೂರೈಕೆದಾರರಿಂದ ಲಿಖಿತವಾಗಿಯೇ ಪಡೆಯುವುದು ಹಿತಕರ.