ಜಾನ್ ಬಾರ್ಡೀನ್ ಮತ್ತು ಅತಿವಾಹಕತೆಯ ಒಗಟು

ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಒಬ್ಬರೆಂದು 1956ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜಾನ್ ಬಾರ್ಡೀನರಿಗೆ ಭೌತವಿಜ್ಞಾನದಲ್ಲಿಯೇ ಅದು 1972ರಲ್ಲಿ ಮತ್ತೊಮ್ಮೆ ದೊರೆತದ್ದು ಏತಕ್ಕೆಂದು ವಾಚಕರೊಬ್ಬರು ಕೇಳಿದ್ದಾರೆ. ಆ ಶಾಸ್ತ್ರದಲ್ಲಿ ಎರಡು ಬಾರಿ ಈ ಗೌರವಕ್ಕೆ ಪಾತ್ರರಾದವರು ಅವರೊಬ್ಬರೇ. ನನ್ನ ಮಟ್ಟಿಗೆ ಎರಡನೆಯದೇ ಹಿರಿದು, ಏಕೆಂದರೆ ಅದು ಒಬ್ಬ ಅಧ್ಯಾಪಕನ ದೀರ್ಘ ತಪಸ್ಸಿನ ಫಲ.

1911ರಲ್ಲಿ ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಆನೆಸರ ಪ್ರಯೋಗಶಾಲೆಯಲ್ಲಿ, ದ್ರವ ಹೀಲಿಯಮ್ಮಿನಿಂದ ತಣಿಸಿದ ಪಾದರಸವು ಸುಮಾರು −269 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತನ್ನ ವಿದ್ಯುತ್ ರೋಧವನ್ನು ಒಮ್ಮೆಗೇ ಕಳೆದುಕೊಂಡು ಅತಿವಾಹಕವಾದಂದಿನಿಂದ, ಐನ್‌ಸ್ಟೈನ್, ಬೋರ್, ಹೈಸೆನ್‌ಬರ್ಗರಂಥ ಮಹಾಮತಿಗಳು ಅದರ ಕಾರಣವನ್ನರಸಿ ಕೈಸೋತಿದ್ದರು. ಪ್ರಿನ್ಸ್ಟನ್ನಿನಲ್ಲಿ ವಿಗ್ನರರ ಶಿಷ್ಯರಾಗಿದ್ದು ಮಿನೆಸೋಟಾದಲ್ಲಿ ಅಧ್ಯಾಪಕರಾದ ಬಾರ್ಡೀನರು ಅಲ್ಲಿಯೇ ಈ ಸಮಸ್ಯೆಗೆ ಕೈಯಿಕ್ಕಿದರಾದರೂ, ಮಹಾಯುದ್ಧವು ಅದನ್ನು ನಡುವೆಯೇ ತುಂಡರಿಸಿತು. 1950ರ ಮೇ ತಿಂಗಳಲ್ಲಿ ರಟ್ಗರ್ಸ್‌ನ ಬರ್ನಾರ್ಡ್ ಸೆರಿನ್ ದೂರವಾಣಿಯಲ್ಲಿ ಒಂದು ವಾರ್ತೆ ತಿಳಿಸಿದರು: ಪಾದರಸದ ಐಸೋಟೋಪು ಭಾರವಾದಷ್ಟೂ ಅದು ಅತಿವಾಹಕವಾಗುವ ಉಷ್ಣತೆ ಇಳಿಯುತ್ತದೆ. ಪರಮಾಣುವಿನ ತೂಕಕ್ಕೆ ಇದರಲ್ಲಿ ಪಾಲಿದೆಯೆಂದಾದರೆ, ಲೋಹದೊಳಗಣ ಪರಮಾಣುಗಳ ಕಂಪನಕ್ಕೂ ಪಾಲಿರಲೇಬೇಕು! ಮರುವರ್ಷವೇ ಬಾರ್ಡೀನರು ತಾವು ಆಗ ಕೆಲಸ ಮಾಡುತ್ತಿದ್ದ ಬೆಲ್ ಪ್ರಯೋಗಶಾಲೆಯನ್ನು ತ್ಯಜಿಸಿ ಇಲಿನಾಯ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿಗೆ 1955ರಲ್ಲಿ ಬಂದ ತರುಣ ಲಿಯಾನ್ ಕೂಪರ್, ಮರುವರ್ಷ ಒಂದು ಸೋಜಿಗವನ್ನು ಗಣಿತದಿಂದ ತೋರಿಸಿದರು. ಸಾಗುವ ಎಲೆಕ್ಟ್ರಾನು ಸುತ್ತಲ ಧನ ಅಯಾನುಗಳನ್ನು ತುಸು ತನ್ನತ್ತ ಸೆಳೆಯುವುದರಿಂದ ಅಲ್ಲಿ ಒಟ್ಟಾಗುವ ಧನ ವಿದ್ಯುದಂಶವು ಇನ್ನೊಂದು ಎಲೆಕ್ಟ್ರಾನನ್ನು ಆಕರ್ಷಿಸುತ್ತದೆ. ಪರಸ್ಪರ ವಿಕರ್ಷಿಸಬೇಕಾದ ಎರಡು ಹೀಗೆ ಜೋಡಿಯಾಗುತ್ತವೆ. ಆದರೆ ಒಂದು ಜೋಡಿಯಿಂದ ಅತಿವಾಹಕತೆ ಸಿದ್ಧಿಸದು. ರಥೋತ್ಸವದಂದು ತೇರಿನ ಹಗ್ಗ ಹಿಡಿದ ಸಹಸ್ರ ಜನರಲ್ಲಿ ಒಬ್ಬನ ಕಾಲಿಗೆ ಕಲ್ಲು ತಗುಲಿದರೂ, ಮುಗ್ಗರಿಸಿದವನನ್ನು ಹಗ್ಗವೇ ಮುಂದಕ್ಕೆ ಒಯ್ಯುವುದಲ್ಲದೆ ತೇರು ನಿಲ್ಲದಷ್ಟೆ. ಅಂತೆಯೇ ಅಸಂಖ್ಯ ಜೋಡಿಗಳು ಒಂದೇ ಗತಿಯಲ್ಲಿ ಬೆಸೆದುಕೊಂಡಾಗ, ಬಿಡಿ ಎಲೆಕ್ಟ್ರಾನನ್ನು ಚದುರಿಸಬಲ್ಲ ಅಡ್ಡಿಗಳು ಆ ಸಮೂಹದ ಮುಂದೆ ನಿರ್ವೀರ್ಯವಾಗುತ್ತವೆ.

ಈ ಸಮೂಹವನ್ನು ವರ್ಣಿಸುವ ಸೂತ್ರ ಸಿಗದೆ ನಿರಾಶನಾಗಿ ವಿಷಯವನ್ನೇ ಬದಲಿಸಬೇಕೆಂದಿದ್ದ ಶಿಷ್ಯ ರಾಬರ್ಟ್ ಶ್ರೀಫರನಿಗೆ, ಪ್ರಥಮ ಪಾರಿತೋಷಕ ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೊರಟಿದ್ದ ಬಾರ್ಡೀನರು ಇನ್ನೊಂದು ತಿಂಗಳು ತಾಳೆಂದರು. 1957ರ ಆದಿಯಲ್ಲಿ, ನ್ಯೂಯಾರ್ಕಿನ ಭೂಗತ ರೈಲಿನಲ್ಲಿ ಕುಳಿತಿದ್ದಾಗ, ಆ ಸೂತ್ರ ಅವನಿಗೆ ಹೊಳೆಯಿತು. ಆ ಮಾರ್ಚಿನಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧಾಂತವನ್ನು ಮಂಡಿಸುವಾಗ, ಕೀರ್ತಿಯು ಕಿರಿಯರಿಗೆ ಸಲ್ಲಲೆಂದು ಬಾರ್ಡೀನರು ಸಭೆಗೇ ಹೋಗಲಿಲ್ಲ. ಇಂಥ ಔದಾರ್ಯ ವಿದ್ವತ್ಪ್ರಪಂಚದಲ್ಲಿ ವಿರಳ. ಮೂವರ ಹೆಸರಿನ ಆದ್ಯಕ್ಷರಗಳಿಂದ ಅದು ಬಿ.ಸಿ.ಎಸ್. ಸಿದ್ಧಾಂತವೆನಿಸಿತು, 1972ರ ಪಾರಿತೋಷಕವೂ ಮೂವರಿಗೆ ಸೇರಿತು.

ಅವರು ಎಡವಿದ್ದೂ ಉಂಟು. ತೆಳು ನಿರೋಧಕ ಪದರವನ್ನು ಈ ಜೋಡಿಗಳು ಹಾಗೆಯೇ ದಾಟಬಲ್ಲವೆಂದು ಕೇಂಬ್ರಿಜ್ಜಿನ ವಿದ್ಯಾರ್ಥಿ ಬ್ರಯನ್ ಜೋಸೆಫ್ಸನ್ 1962ರಲ್ಲಿ ಸಾರಿದಾಗ ಬಾರ್ಡೀನರು ಬಲವಾಗಿ ವಿರೋಧಿಸಿದರು. ಮರುವರ್ಷ ಆಂಡರ್ಸನ್ ಮತ್ತು ರೋವೆಲರ ಪ್ರಯೋಗವು ವಿದ್ಯಾರ್ಥಿಯ ಪರವಾಗಿ ಸಾಕ್ಷಿ ನುಡಿಯಿತು. ಹಿರಿಯರು ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಂಡರು.