ಊಟದ ಮಾತು, ಮಾತಿನ ಏಟು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದು ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಕಟ್ಟಿಟ್ಟಿದ್ದಾರೆ. ಊಟದ ವಿಷಯವಾಗಿ ಆಡಿದ ಒಂದೇ ಒಂದು ಮಾತು ಅಮೆರಿಕದ ಗಾಲ್ಫ್ ಆಟದಲ್ಲಿ ಎಬ್ಬಿಸಿದ ಕೋಲಾಹಲವನ್ನು ನೋಡಿದರೆ, ಹಿರಿಯರು ಈ ಎರಡನ್ನೂ ಸುಮ್ಮನೆ ಜೋಡಿಸಲಿಲ್ಲವೆಂದು ತೋರುತ್ತದೆ.

ನಮ್ಮಲ್ಲಿ ಬಹುಮಂದಿ ಗಾಲ್ಫ್ ಆಟವನ್ನು ಬೇಲಿಯಾಚೆಯಿಂದಷ್ಟೇ ಕಂಡವರು. ಹಸಿರು ಬಯಲಿನಲ್ಲಿ ಹದಿನೆಂಟು ಕುಳಿಗಳು; ಚೆಂಡನ್ನು ಕೋಲಿನಿಂದ ಹೊಡೆಯುತ್ತ ಒಂದೊಂದೇ ಕುಳಿಗೆ ಸೇರಿಸಬೇಕು; ಯಾರ ಹೊಡೆತಗಳು ಕಡಿಮೆಯೋ ಅವರೇ ಗೆದ್ದವರು. ಇದಕ್ಕೆ ಸಭ್ಯರ ಆಟವೆಂಬ ಹೆಸರು. ಜಾರ್ಜಿಯಾ ರಾಜ್ಯದ ಅಗಸ್ಟಾ ಊರಿನ ಕ್ಲಬ್ಬಿನಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆಯುವ ‘ಮಾಸ್ಟರ್ಸ್’ ಪಂದ್ಯ ಅದರ ಬಹು ದೊಡ್ಡ ಹಬ್ಬ. ಒಂದು ವರ್ಷ ಗೆದ್ದವರು ಮರುವರ್ಷ ಹಳೆಯ ವಿಜೇತರಿಗೆಲ್ಲ ಔತಣ ಕೊಡಬೇಕು. ಏನು ಬಡಿಸಬೇಕೆಂಬುದನ್ನೂ ಅವರೇ ಗೊತ್ತುಮಾಡುವುದು ಅಲ್ಲಿನ ಪದ್ಧತಿ.

೧೯೯೭ರಲ್ಲಿ ಆ ಪಂದ್ಯವನ್ನು ಗೆದ್ದವರು ೨೧ ವರ್ಷದ ಟೈಗರ್ ವುಡ್ಸ್. ತಂದೆ ಕಪ್ಪು ಜನಾಂಗದವರು, ತಾಯಿ ಥಾಯ್ಲೆಂಡಿನವರು. ನಾಲ್ಕು ದಿನಗಳ ಆಟದಲ್ಲಿ ಅವರ ಹೊಡೆತಗಳು ೨೭೦; ಎರಡನೆಯ ಸ್ಥಾನದವರಿಗಿಂತ ೧೨ ಕಡಿಮೆ. ಮಾಸ್ಟರ್ಸ್ ಗೆದ್ದ ಮೊದಲ ಕಪ್ಪು ಆಟಗಾರರೂ ಅವರೇ, ಅತಿ ಕಿರಿಯರೂ ಅವರೇ. ಆ ದಿನ ಕ್ಲಬ್ಬಿನ ಕಪ್ಪು ನೌಕರರು ಕೈಯ ಕೆಲಸ ಬಿಟ್ಟು ಹೊರಗೆ ಬಂದು ನಿಂತು ನೋಡಿದರಂತೆ.

ಅದೇ ದಿನ, ೧೯೭೯ರಲ್ಲಿ ಈ ಪಂದ್ಯವನ್ನು ಗೆದ್ದಿದ್ದ ಫಜ್ಜಿ ಜೋಲರ್ ಅವರನ್ನು ಟೆಲಿವಿಷನ್‌ನವರು ಮಾತನಾಡಿಸಿದರು. ಜೋಲರ್ ನಗೆಮಾತಿಗೆ ಹೆಸರಾದವರು. “ಆ ಪುಟ್ಟ ಹುಡುಗ ಚೆನ್ನಾಗಿ ಆಡುತ್ತಿದ್ದಾನೆ” ಎಂದು ಹೊಗಳಿ, ಅವನ ಬೆನ್ನು ತಟ್ಟಿ, ಮುಂದಿನ ವರ್ಷ ಕರಿದ ಕೋಳಿ ಬಡಿಸಬೇಡವೆಂದು ಹೇಳಿರೆಂದರು. ಅಷ್ಟಕ್ಕೇ ನಿಲ್ಲದೆ, ಹೊರಟವರು ತಿರುಗಿ, ಕಾಲರ್ಡ್ ಸೊಪ್ಪನ್ನೋ, ‘ಅವರು’ ಬಡಿಸುವ ಇನ್ನಾವ ಹಾಳುಮೂಳನ್ನೋ ಎಂದೂ ಸೇರಿಸಿದರು.

ಕೋಳಿಯೂ ಸೊಪ್ಪೂ ಅಷ್ಟೇನು ಬೈಗುಳವೇ, ಎಂದು ವಾಚಕರು ಕೇಳಬಹುದು. ಮೊದಲು ‘ಹುಡುಗ’ ಎಂಬ ಮಾತನ್ನು ನೋಡೋಣ. ಗುಲಾಮಗಿರಿಯ ಕಾಲದಿಂದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಗಂಡಸಿಗೆ ತಲೆ ನರೆತರೂ ಬಿಳಿಯರ ಬಾಯಲ್ಲಿ ‘ಹುಡುಗ’ ಎಂದೇ ಹೆಸರು. ಏಕವಚನದ ಪೆಟ್ಟು ಎಂಥದೆಂದು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಕರಿದ ಕೋಳಿ. ಅದನ್ನು ದಕ್ಷಿಣದವರೆಲ್ಲ ಪ್ರೀತಿಯಿಂದ ತಿನ್ನುತ್ತಾರೆ. ಆದರೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಿದ್ದ ನಾಟಕಗಳಲ್ಲಿ ಕಪ್ಪು ಜನ ಕೋಳಿಕಳ್ಳರು, ಹೊಟ್ಟೆಬಾಕರು. ೧೯೧೫ರ ‘ಬರ್ತ್ ಆಫ್ ಎ ನೇಷನ್’ ಚಲನಚಿತ್ರದಲ್ಲಿ ಕಪ್ಪು ಶಾಸಕರೊಬ್ಬರು ಸಭೆಯಲ್ಲೇ ಕೋಳಿ ಕಡಿಯುತ್ತ ಕುಳಿತಿರುವಂತೆ ತೋರಿಸಿದ್ದರು. ಇಂಥವರ ಕೈಗೆ ಅಧಿಕಾರ ಕೊಡಬಹುದೇ ಎಂಬುದೇ ಆ ನಗೆಯ ಒಳಗುಟ್ಟು.

ಗಾಲ್ಫ್ ಆಟಕ್ಕಂತೂ ಅದರದೇ ಒಂದು ಲೆಕ್ಕ ಬಾಕಿಯಿತ್ತು. ಅಮೆರಿಕದ ವೃತ್ತಿ ಆಟಗಾರರ ಸಂಘ ೧೯೩೪ರಿಂದ ೧೯೬೧ರವರೆಗೆ ಬಿಳಿಯರಿಗೆ ಮಾತ್ರ ಸದಸ್ಯತ್ವವೆಂದು ನಿಬಂಧನೆಯಲ್ಲೇ ಬರೆದಿಟ್ಟಿತ್ತು. ಅದನ್ನು ಮುರಿಯಲು ಹೆಣಗಿದವರಲ್ಲಿ ಮುಖ್ಯರಾದ ಚಾರ್ಲಿ ಸಿಫರ್ಡ್ ಬಾಲ್ಯದಲ್ಲಿ ಇತರರ ಕೋಲಿನ ಚೀಲ ಹೊತ್ತು ಆಟ ಕಲಿತವರು. ೧೯೬೧ರಲ್ಲಿ ಗ್ರೀನ್ಸ್‌ಬರೋ ಊರಿನಲ್ಲಿ ಆಡಲು ಹೋದಾಗ ಅವರಿಗೆ ಟೆಲಿಫೋನಿನಲ್ಲಿ ಬೆದರಿಕೆ ಬಂದಿತು. ಆಟದುದ್ದಕ್ಕೂ ಒಂದು ಗುಂಪು ಬೆನ್ನುಹತ್ತಿ ಬೈಯುತ್ತಲೇ ಇದ್ದಿತು. ಆದರೂ ಆಡಿ ನಾಲ್ಕನೆಯವರಾದರು. ಅಗಸ್ಟಾದ ಮಾಸ್ಟರ್ಸ್‌ಗೆ ಮಾತ್ರ ಅವರಿಗೆ ಕರೆ ಬರಲೇ ಇಲ್ಲ. ಅಲ್ಲಿ ೧೯೭೫ರಲ್ಲಿ ಮೊದಲು ಆಡಿದ ಕಪ್ಪು ಆಟಗಾರರು ಲೀ ಎಲ್ಡರ್. ಜೀವಭಯದಿಂದ ಅವರು ಎರಡು ಮನೆ ಬಾಡಿಗೆಗೆ ಹಿಡಿದಿದ್ದರು. ಅದೇ ಬಯಲಿನಲ್ಲಿ ೧೯೮೨ರವರೆಗೆ ಆಟಗಾರರ ಚೀಲ ಹೊರುತ್ತಿದ್ದವರೆಲ್ಲ ಕಪ್ಪು ಜನ.

ನಮ್ಮವರೊಬ್ಬರ ಕಥೆಯೂ ಇಲ್ಲಿ ನೆನಪಾಗುತ್ತದೆ. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ನೆಲಸಿದ ಭಾರತೀಯ ಸಂತತಿಯ ಪಾಪ್ವಾ ಸೆವ್‌ಗೋಲಂ ಅವರೂ ಚೀಲ ಹೊರುತ್ತಲೇ ಆಟ ಕಲಿತು, ೧೯೫೯ರಲ್ಲಿ ಡಚ್ ಓಪನ್ ಗೆದ್ದರು. ೧೯೬೩ರಲ್ಲಿ ತಮ್ಮ ಊರಿನಲ್ಲೇ ನಟಾಲ್ ಓಪನ್ ಗೆದ್ದಾಗ ಬಿಳಿಯರ ಕ್ಲಬ್ಬಿನೊಳಗೆ ಅವರಿಗೆ ಪ್ರವೇಶವಿಲ್ಲ. ಗೆದ್ದವರು ಹೊರಗೆ ಮಳೆಯಲ್ಲಿ ನಿಂತು ಬಹುಮಾನ ಪಡೆದರು. ಆ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದು ಆ ಸರಕಾರಕ್ಕೆ ಛೀಮಾರಿ ಬಿದ್ದಿತು. ಮುಂದೆ ಅವರಿಗೆ ಆಡುವ ಅನುಮತಿಯೇ ತಪ್ಪಿತು. ಬಾಯಿಬಿಟ್ಟು ಬೈಯದೆಯೂ ಅವಮಾನ ಮಾಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಜೋಲರ್ ಅವರ ಮಾತಿಗೆ ಮರಳೋಣ. ಅದು ಒಂದು ವಾರ ಕಳೆದು ಪ್ರಸಾರವಾಯಿತು, ದೇಶವೆಲ್ಲ ಕೆರಳಿತು. ತಾವು ನಗೆಗೆ ಹೇಳಿದುದನ್ನು ಜನ ತಪ್ಪಾಗಿ ತಿಳಿದರೆಂದು ಅವರು ಮೊದಲು ಕ್ಷಮೆ ಕೇಳಿದರು. ತಪ್ಪು ಕೇಳಿದವರ ಕಿವಿಯದೆಂದಂತಾಯಿತು! ಅವರ ಹೆಸರಿನಲ್ಲಿ ಜಾಹೀರಾತು ಮಾಡುತ್ತಿದ್ದ ಕೆ-ಮಾರ್ಟ್ ಎಂಬ ದೊಡ್ಡ ಅಂಗಡಿ ಸಂಸ್ಥೆ ಕರಾರನ್ನು ಮುರಿಯಿತು. ವಿಧಿಯ ಆಟ ನೋಡಿ: ಮುಂದಿನ ಪಂದ್ಯವಿದ್ದುದು ಸಿಫರ್ಡ್ ಅವರು ಬೈಗುಳ ತಿಂದ ಅದೇ ಗ್ರೀನ್ಸ್‌ಬರೋದಲ್ಲಿ. ಜೋಲರ್ ಅಲ್ಲಿ ಕಣ್ಣೀರು ತಂದುಕೊಂಡು, ವುಡ್ಸ್ ಅವರಲ್ಲಿ ಖುದ್ದಾಗಿ ಕ್ಷಮೆ ಕೇಳುವವರೆಗೆ ಆಡುವುದಿಲ್ಲವೆಂದು ಹಿಂದೆಗೆದರು. ವುಡ್ಸ್ ಕೂಡ ತಮಗೆ ಆಘಾತವಾಯಿತೆಂದರು. ಆದರೆ ಕ್ಷಮೆಯನ್ನು ಒಪ್ಪಿಕೊಂಡರು. ಮೇ ತಿಂಗಳಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಊಟ ಮಾಡಿದರು. ೧೯೯೮ರ ಔತಣದಲ್ಲಿ ವುಡ್ಸ್ ಬಡಿಸಿದುದು ಚೀಸ್‌ಬರ್ಗರ್, ಚಿಕನ್ ಸ್ಯಾಂಡ್‌ವಿಚ್, ಹುರಿದ ಆಲೂಗಡ್ಡೆ, ಮಿಲ್ಕ್‌ಶೇಕ್. ಇಪ್ಪತ್ತೆರಡರ ಹುಡುಗರಿಗೆ ಇಷ್ಟವಾಗುವ ತಿಂಡಿ, ಅಷ್ಟೆ!

ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ೨೦೦೮ರಲ್ಲಿ ಗಾಲ್ಫ್ ವಾಹಿನಿಯ ನಿರೂಪಕಿ ಕೆಲ್ಲಿ ಟಿಲ್ಗ್‌ಮನ್, ವುಡ್ಸ್ ಅವರನ್ನು ಸೋಲಿಸಬೇಕಾದರೆ ಹಿಂದಿನ ಓಣಿಯಲ್ಲಿ ಹಿಡಿದು ಕೊಲ್ಲಬೇಕೆಂಬ ಅರ್ಥದಲ್ಲಿ ನಗುತ್ತ ಒಂದು ಮಾತೆಂದರು. ಆಕೆ ಬಳಸಿದ ‘ಲಿಂಚ್’ ಎಂಬ ಪದ, ಬಿಳಿಯರ ಗುಂಪುಗಳು ಸಾವಿರಾರು ಕಪ್ಪು ಜನರನ್ನು ನೇಣುಹಾಕಿದ ಚರಿತ್ರೆಯ ಪದ. ಎರಡು ವಾರ ಆಕೆಯನ್ನು ಕೆಲಸದಿಂದ ದೂರವಿಟ್ಟರು. ಆ ಸುದ್ದಿಗೆಂದು ಮುಖಪುಟದಲ್ಲಿ ನೇಣುಹಗ್ಗದ ಚಿತ್ರ ಹಾಕಿದ ಪತ್ರಿಕೆಯೊಂದರ ಸಂಪಾದಕರು ಕೆಲಸವನ್ನೇ ಕಳೆದುಕೊಂಡರು. ೨೦೧೩ರಲ್ಲಿ ಸ್ಪೇನಿನ ಸರ್ಜಿಯೋ ಗಾರ್ಸಿಯಾ, ವುಡ್ಸ್ ಅವರನ್ನು ಊಟಕ್ಕೆ ಕರೆಯುವಿರಾ ಎಂದು ಕೇಳಿದಾಗ, ಪ್ರತಿ ರಾತ್ರಿಯೂ ಕರೆದು ಕರಿದ ಕೋಳಿ ಬಡಿಸುವೆವು ಎಂದರು. ಹದಿನಾರು ವರ್ಷದ ಪಾಠ ನೀರಿನ ಪಾಲು! ಅವರ ಪರವಾಗಿ ಮಾತನಾಡಲು ಹೋದ ಯೂರೋಪಿನ ಗಾಲ್ಫ್ ಮುಖ್ಯಾಧಿಕಾರಿ ಬಣ್ಣ ಹಿಡಿದು ಕರೆಯುವ ಹಳೆಯ ಪದವೊಂದನ್ನಾಡಿ ತಾವೂ ಕ್ಷಮೆ ಕೇಳಬೇಕಾಯಿತು. ವುಡ್ಸ್ ಮಾತ್ರ, ಆ ಮಾತು ಪೆದ್ದುತನವಲ್ಲ, ತಪ್ಪು, ನೋಯಿಸುವಂಥದು ಎಂದು ಸ್ಪಷ್ಟವಾಗಿ ಹೇಳಿ, ಪಶ್ಚಾತ್ತಾಪ ನಿಜವೆಂದು ನಂಬಿ ಮುಂದುವರಿದರು.

ಪ್ರತಿ ಸಲವೂ ಅದೇ ಕ್ರಮ: ಮಾತು, ಕೂಗು, ಕ್ಷಮೆ, ಮರೆವು. ಆದರೆ ೧೯೯೦ರಲ್ಲಿ ಹಾಗಾಗಲಿಲ್ಲ. ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ಸ್ಥಾಪಕರು, ಕಪ್ಪು ಜನರನ್ನು ಸದಸ್ಯರನ್ನಾಗಿ ಸೇರಿಸುವುದು ನಮ್ಮ ಊರಿನಲ್ಲಿ ನಡೆಯದ ಮಾತು ಎಂದು ಪತ್ರಿಕೆಗೆ ಹೇಳಿದರು. ಅಲ್ಲಿ ನಡೆಯಬೇಕಿದ್ದ ಪಂದ್ಯಕ್ಕೆ ಜಾಹೀರಾತು ಕೊಟ್ಟವರು ಹಿಂದೆಗೆದರು, ಜನ ಪ್ರತಿಭಟನೆಗೆ ಅಣಿಯಾದರು. ಕೇವಲ ಕ್ಷಮೆಯಿಂದ ಯಾರೂ ತೃಪ್ತರಾಗಲಿಲ್ಲ. ಆ ಕ್ಲಬ್ಬು ಕಪ್ಪು ಸದಸ್ಯರೊಬ್ಬರನ್ನು ಸೇರಿಸಿಕೊಂಡಿತು. ಭೇದವೆಣಿಸುವ ಕ್ಲಬ್ಬುಗಳಲ್ಲಿ ಪಂದ್ಯವಿಲ್ಲವೆಂದು ನಿಯಮವಾಯಿತು. ಅದೇ ವರ್ಷ ಅಗಸ್ಟಾದ ಬಾಗಿಲೂ ಒಬ್ಬರಿಗೆ ತೆರೆಯಿತು. ಅಲ್ಲಿ ಜನ ಕೇಳಿದುದು ಒಬ್ಬರ ನಾಲಗೆಯ ಲೆಕ್ಕವನ್ನಲ್ಲ, ಆ ಮಾತನ್ನು ಕಲಿಸಿದ ಮನೆಯ ಲೆಕ್ಕವನ್ನು. ಸಾರ್ವಜನಿಕರ ಕೋಪ ಸಾರ್ಥಕವಾಗುವುದು ಹೀಗೆ.

ಹೊರನಾಡಿನಲ್ಲಿ ನೆಲಸಿದ ನಮಗೆ ಇದು ದೂರದ ಕಥೆಯೇನಲ್ಲ. ನಮ್ಮನ್ನೆಲ್ಲ ‘ಮದ್ರಾಸಿ’ ಎಂಬ ಒಂದೇ ಚೀಲಕ್ಕೆ ತುಂಬಿ, ಇಡ್ಲಿ ಸಾಂಬಾರಿನ ಹಾಸ್ಯ ಮಾಡಿದುದನ್ನು ಎಷ್ಟೋ ಮಂದಿ ಹಲ್ಲು ಕಚ್ಚಿ ನಕ್ಕು ಸಹಿಸಿದ್ದೇವೆ. ಆದರೆ ನಮ್ಮ ಮನೆಯ ಪಂಕ್ತಿಯಲ್ಲಿ ಪಕ್ಕದವರ ಅಡಿಗೆಯ ವಾಸನೆ, ಸೊಸೆಯಾಗಿ ಬರುವವಳ ಮೈಬಣ್ಣ, ಈಶಾನ್ಯದಿಂದ ಬಂದ ಹುಡುಗರ ಕಣ್ಣು ಮೂಗು ಇವೆಲ್ಲ ನಗೆಯ ವಸ್ತುವಾಗುವಾಗ ಎಷ್ಟು ಮಂದಿ ತಡೆದಿದ್ದೇವೆ? ಮಕ್ಕಳು ಪಕ್ಕದಲ್ಲೇ ಕುಳಿತು ಉಣ್ಣುತ್ತಿರುತ್ತಾರೆ; ಅನ್ನದೊಡನೆ ಮಾತೂ ಒಳಗಿಳಿಯುತ್ತದೆ.

ಗಾರ್ಸಿಯಾ ೨೦೧೭ರಲ್ಲಿ ಮಾಸ್ಟರ್ಸ್ ಗೆದ್ದರು. ೨೦೧೮ರಲ್ಲಿ ಔತಣದ ಅಡಿಗೆ ಗೊತ್ತುಮಾಡುವ ಸರದಿ ಅವರದಾಯಿತು. ತಮ್ಮ ಸ್ಪೇನಿನ ರೀತಿಯಲ್ಲಿ ಲಾಬ್‌ಸ್ಟರ್ ಹಾಕಿದ ಅನ್ನವನ್ನು ಬಡಿಸಿದರು. ಅವರ ಊರಿನ ಊಟವನ್ನು ಯಾರೂ ಆಡಿಕೊಳ್ಳಲಿಲ್ಲ.